ಪಾಯಿಂಟಿಲ್ಲದ ಗಾಡಿ

ಪೆಟ್ರೋಲಿಗೆ ನೀರು ಸೇರಿರಬಹುದಿತ್ತು. ಚೈನು ಕಳಚಬಹುದಿತ್ತು. ಎಮ್ಮೆ ಅಡ್ಡ ಬರಬಹುದಿತ್ತು, ತಂಗಿಯ ಸೆರಗು ಚಕ್ರಕ್ಕೆ ಸಿಕ್ಕಬಹುದಿತ್ತು, ಹಾಲ್ ಟಿಕೆಟ್ ಗಾಳಿಗೆ ಹಾರಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ನನ್ನ ಹೊಸ ಬೈಕಿನ ಸೀಟಿನ ಕೆಳಗಿದ್ದ ಆ ಕಪ್ಪು ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟುಹೋಗಬಹುದಿತ್ತು. ಬಸ್ಸು ಕೆಟ್ಟು ನಿಂತೀತೆಂಬ ಭಯಕ್ಕೇ ನಾನು ಅವಳನ್ನು ಪರೀಕ್ಷೆಗೆಂದು ಗುಬ್ಬಿಯಿಂದ ತುಮಕೂರಿಗೆ ಬೈಕಿನಲ್ಲಿ ಕರೆದೊಯ್ಯಲು ಹೊರಟಿದ್ದೆ.

ಅವಳದು ಪಿಯುಸಿ, ಎರಡನೇ ಸಲ, ಇಂಗ್ಲಿಷ್. ಇದೂ ಹೋದರೆ ಕುಣಿಗಲ್ಲಿನ ಗಂಡಿಗೆ ಒಪ್ಪಿಗೆ ಕೊಡುವುದೆಂದು ಅಪ್ಪ ಹೇಳಿಬಿಟ್ಟಿದ್ದರು. ಅವಳಿಗೆ ಟೀಚರಾಗಬೇಕಿತ್ತು.

ಹಳೆಯ ಬೈಕುಗಳು ಸ್ಟಾರ್ಟ್ ಆಗದಿದ್ದರೆ ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿದರೆ ಸಾಕಿತ್ತು. ನನ್ನದರಲ್ಲಿ ಪಾಯಿಂಟೇ ಇರಲಿಲ್ಲ; ಕಿಡಿ ಯಾವಾಗ ಹೊತ್ತಬೇಕೆಂದು ಪೆಟ್ಟಿಗೆಯೇ ತೀರ್ಮಾನಿಸುತ್ತಿತ್ತು.

"ಇದು ಕೆಟ್ರೆ ಏನ್ಲಾ ಉಜ್ತೀಯ, ನಿನ್ ತಲೆನಾ?" ಎಂದರು ಅಪ್ಪ. ಆದರೂ ಹೊಸ ಗಾಡಿಗೆ ದೃಷ್ಟಿಯಾಗಬಾರದೆಂದು ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ, ಬಗ್ಗಿ ಸೀಟಿನಡಿ ಎಲ್ಲೋ ಕಟ್ಟಿದರು. ಪರೀಕ್ಷೆಗೆ ಹೊರಟವಳ ಹಣೆಗೆ ಕುಂಕುಮವಿಡಲು ಯಾರಿಗೂ ನೆನಪಾಗಲಿಲ್ಲ.

ಅರ್ಧ ದಾರಿಯಲ್ಲಿ ಗಾಡಿ ಕೆಮ್ಮದೆ, ಸೀನದೆ ನಿಂತುಬಿಟ್ಟಿತು. ಪ್ಲಗ್ ಬಿಚ್ಚಿ ಒರೆಸಿದೆ, ಊದಿದೆ. ರಸ್ತೆಬದಿಯ ಸೈಕಲ್ ಶಾಪಿನವನು ಬಂದ.

"ಪಾಯಿಂಟ್ ಉಜ್ಜಿ ಸಾರ್."

"ಪಾಯಿಂಟಿಲ್ಲ ಕಣಪ್ಪ."

"ಮತ್ತೆ ಹೆಂಗ್ ಓಡ್ತಿತ್ತು?"

"ಎಲೆಕ್ಟ್ರಾನಿಕ್."

"ಅದಕ್ಕೇ ನಿಂತೈತೆ ಬುಡಿ."

ಅವಳು ಹತ್ತಬೇಕಿದ್ದ ಬಸ್ಸು ಫುಟ್‌ಬೋರ್ಡಿನವರೆಗೂ ತುಂಬಿಕೊಂಡು, ನಿಲ್ಲಿಸದೆ ಹೋಯಿತು. "ಬಸ್ಸಲ್ಲೇ ಹೋಗ್ತೀನಿ ಅಂದಿದ್ದೆ ಅಣ್ಣ," ಎಂದಳು, ಅಷ್ಟೇ. ತೆಂಗಿನಕಾಯಿ ಲಾರಿಯೊಂದು ಹತ್ತಿಸಿಕೊಂಡಿತು. ಅವಳು ತಲುಪಿದಾಗ ಒಳಗೆ ಬಿಡುವ ಹೊತ್ತು ಮೀರಿತ್ತು.

ಸಂಜೆ ಅಪ್ಪ ಕುಣಿಗಲ್ಲಿನವರಿಗೆ ಹೂಂ ಅಂದರು. ಪೆಟ್ಟಿಗೆ ಸುಟ್ಟಿದೆಯೆಂದು, ಸೀಟು ಕೂಡ ಎತ್ತದೆ, ನಾನೇ ಎಲ್ಲರಿಗೂ ಹೇಳಿದ್ದೆ. ಕೊನೆಗೂ ನನ್ನ ಭಯವೊಂದು ನಿಜವಾಯಿತೆಂಬ ಸಮಾಧಾನವೂ ಇತ್ತು. ಗಂಡಿನವರು ಆ ಬೈಕನ್ನೇ ಕೇಳಿದರು. "ಸತ್ ಗಾಡಿ ಆದ್ರೂ ಪರ್ವಾಗಿಲ್ಲ ಭಾವ, ರಿಪೇರಿ ನಾನ್ ಮಾಡಿಸ್ಕೋತೀನಿ," ಎಂದ ಮದುಮಗ. ಹೆಣ್ಣನ್ನೂ ಗಾಡಿಯನ್ನೂ ಒಟ್ಟಿಗೆ ಕಳಿಸಿಕೊಟ್ಟೆವು.

ಕುಣಿಗಲ್ಲಿನ ಮನೆಯಂಗಳದಲ್ಲಿ ಮೆಕ್ಯಾನಿಕ್ ಸೀಟು ಎತ್ತಿದಾಗ ನಾನೂ ಇದ್ದೆ, ನೀರಿನ ಚೊಂಬು ಹಿಡಿದು ತಂಗಿಯೂ ಇದ್ದಳು. ಪೆಟ್ಟಿಗೆ ಚೆನ್ನಾಗಿತ್ತು. ಅದರ ಒಂದು ವೈರಿಗೆ ಅಪ್ಪ ಹಾಕಿದ ಗಂಟು ಹಾಗೇ ಇತ್ತು. ಈಗ ಒಣಗಿದ್ದ ನಿಂಬೆಹಣ್ಣು ಅವತ್ತು ದಾರಿಯಲ್ಲಿ ಜೋತಾಡಿ ಜೋತಾಡಿ, ಆ ವೈರಿನ ತುದಿಯ ಪಿನ್ನನ್ನು ಸಾಕೆಟ್ಟಿನಿಂದ ಕೂದಲೆಳೆಯಷ್ಟು ಹೊರಗೆಳೆದಿತ್ತು.