ರಮಜಾನ್ ನೆಟ್ಟಗೆ ಮಾಡಿದ ಎರಡು ಉಂಗುರಗಳು

ಮೊರಬದ ಬಸ್ ನಿಲ್ದಾಣದ ಪಕ್ಕದಲ್ಲಿ ರಮಜಾನನ ಝೆರಾಕ್ಸ್ ಮತ್ತು ಫೋಟೊ ಅಂಗಡಿ ಇದೆ. ಅಲ್ಲಿ ಫೋಟೊ ತೆಗೆಸಿಕೊಂಡವರು ಕುತ್ತಿಗೆ ನೋಯಿಸಿಕೊಳ್ಳದೆ ಮರಳಿದ್ದಿಲ್ಲ. ಗದ್ದ ಒಂದು ಎಳೆ ಆಚೆ ಸರಿದರೂ ಅವನಿಗೆ ಸಹಿಸಲಾಗದು. ಗಿರಾಕಿಗಳ ಬೈಕುಗಳನ್ನೂ ಎಳೆದು ಸಾಲಾಗಿ ನಿಲ್ಲಿಸುತ್ತಾನೆ. ಹೆಂಡತಿ ಜಹೀರಾ ರೊಟ್ಟಿ ಬುಟ್ಟಿಯನ್ನು ಅವನ ಕೈಗೆ ಸಿಗದಂತೆ ಇಡುತ್ತಾಳೆ. ರೊಟ್ಟಿಯ ಅಂಚಿಗೆ ಅಂಚು ಕೂಡಿಸುತ್ತ ಕುಳಿತರೆ ಪಲ್ಯ ಆರಿ ಹೋಗುತ್ತದೆ ಎಂಬುದು ಅವಳ ದೂರು.

ಅವನ ಅಂಗಡಿಯ ಹಳೆಯ ಕಂಪ್ಯೂಟರಿಗೆ ಒಬ್ಬಳೇ ಗಿರಾಕಿ, ಊರಿನ ಸೊಸೆ ಮಲ್ಲಿಕಾ. ನವಲಗುಂದದಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಪಿಎಚ್‌ಡಿ ಮಾಡುತ್ತಿದ್ದಳು. ಬೆಂಜೀನಿನಂಥ ಉಂಗುರದಾಕಾರದ ಅಣುಗಳು ಒಂದನ್ನೊಂದು ಎಷ್ಟು ಸೆಳೆಯುತ್ತವೆ ಎಂಬ ಲೆಕ್ಕ ಅವಳದು. ದೊಡ್ಡ ಯಂತ್ರಗಳು ದಿನಗಟ್ಟಲೆ ಮಾಡುವುದನ್ನು ಈ ಮುದಿ ಕಂಪ್ಯೂಟರ್ ಒಂದು ತಾಸಿನಲ್ಲಿ ಮಾಡುವಂತೆ ಎರಡು ವರ್ಷ ಕೂತು ಒಳದಾರಿಯೊಂದನ್ನು ಹುಡುಕಿದ್ದಳು. ಮೊದಲು ಎರಡು ಬೆಂಜೀನಿನ ಮೇಲೆ ಪರೀಕ್ಷೆ. ಅದರ ಸರಿಯುತ್ತರ ಎಲ್ಲರಿಗೂ ಗೊತ್ತಿತ್ತು. ಅದರ ಹತ್ತಿರ ಬಂದರೆ ಅವಳ ದಾರಿ ಸರಿ.

ಸೋಮವಾರ ಒಂದು ಫೈಲಿನಲ್ಲಿ ಎರಡು ಉಂಗುರಗಳ ಚಿತ್ರ ಹೊಂದಿಸಿಟ್ಟು, ಕರೆಂಟು ಬಂದ ಮೇಲೆ ಅದನ್ನು ತೆರೆದು ಬಟನ್ ಒತ್ತಿ, ಬಂದ ಅಂಕಿ ಬರೆದಿಡಲು ರಮಜಾನನಿಗೆ ಹೇಳಿ ಬಸ್ಸು ಹಿಡಿದಳು. ಅವನು ಒತ್ತಿದ, ಬರೆದಿಟ್ಟ. ಸೆಳೆತ ಇರಬೇಕಾದ್ದಕ್ಕಿಂತ ತೀರ ಕಡಿಮೆ ಬಂದಿತ್ತು. ಮಲ್ಲಿಕಾ ನಾಲ್ಕು ದಿನ ತನ್ನ ಸೂತ್ರಗಳನ್ನೆಲ್ಲ ಜಾಲಾಡಿದಳು. ಎಲ್ಲೂ ತಪ್ಪು ಸಿಗಲಿಲ್ಲ.

ಶುಕ್ರವಾರ ಅಂಗಡಿಯಲ್ಲೇ ಕೂತು, ಈ ದಾರಿ ಕೈಬಿಡುತ್ತೇನೆಂದು ಗೈಡ್‌ಗೆ ಪತ್ರ ಬರೆಯತೊಡಗಿದಳು. ಸಮಾಧಾನ ಹೇಳೋಣವೆಂದು ರಮಜಾನ್ ಹತ್ತಿರ ಬಂದು, ಆ ಉಂಗುರಗಳ ಕಥೆಯಾದರೂ ಏನು ಎಂದು ಕೇಳಿದ.

"ಅವು ಒಂದರ ಮ್ಯಾಲ ಒಂದು ನೆಟ್ಟಗ ಕುಂದರೂದಿಲ್ರಿ ಕಾಕಾ. ಸ್ವಲ್ಪ ಬಾಜೂಕ ಸರದು ಕುಂತ್ರನ ಸೆಳೆತ ಹೆಚ್ಚು."

ರಮಜಾನ್ ಪರದೆಯ ಕಡೆ ನೋಡಿದ. ಸೋಮವಾರ ತಾನು ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಮೂವತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಬ್ಬರ ಕಾಗದವೂ ಕೆಟ್ಟಿರಲಿಲ್ಲ. ಊರಲ್ಲಿ ಅವನಿಗಿದ್ದ ಹೆಸರೇ ಅದು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮೇಡಮ್, ನಾನಽ ಅವನ್ನ ನೆಟ್ಟಗ ಮಾಡೀನ್ರಿ," ಎಂದ. "ಸೊಟ್ಟ ಕಂಡ್ವು. ಮೌಸ್‌ಲೆ ಒಂದೀಟು ಸರಿಸಿ, ಆಮ್ಯಾಲ ಬಟನ್ ಒತ್ತೀನಿ."

ಮಲ್ಲಿಕಾ ಪತ್ರ ಬರೆಯುವುದನ್ನು ನಿಲ್ಲಿಸಿದಳು. ಬೈಯಲೂ ಆಗಲಿಲ್ಲ, ನಗಲೂ ಆಗಲಿಲ್ಲ. ತಾನು ಮೊದಲು ಹೊಂದಿಸಿದ್ದ ಫೈಲಿನ ಪ್ರತಿ ತೆರೆದು, ಈ ಸಲ ಬಟನ್ ಬಿಟ್ಟು ಮತ್ತೇನನ್ನೂ ಮುಟ್ಟಬಾರದೆಂದು ಹೇಳಿ ಅವನಿಂದಲೇ ಒತ್ತಿಸಿದಳು. ಆ ಒಂದು ತಾಸು ರಮಜಾನ್ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ.

ಅಂಕಿ ಬಂತು. ಸರಿಯುತ್ತರಕ್ಕೂ ಅದಕ್ಕೂ ಕೂದಲೆಳೆಯ ಅಂತರ.

"ನೀವು ಹೇಳದಿದ್ರ ಎರಡು ವರ್ಷದ್ದೆಲ್ಲಾ ಇವತ್ತು ಒಗದ ಬಿಡತಿದ್ನಿ ಕಾಕಾ," ಎಂದಳು ಮಲ್ಲಿಕಾ.

ಪರದೆಯ ಮೇಲೆ ಎರಡು ಉಂಗುರಗಳು ಸೊಟ್ಟಸೊಟ್ಟಗೇ ಕೂತಿದ್ದವು. ಸೊಟ್ಟಗಿದ್ದದ್ದನ್ನು ನೋಡಿ ರಮಜಾನನ ಕಣ್ಣು ತುಂಬಿ ಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು.