ಹವಾ ನೋಡಿ ಕೊಟ್ಟ ಹೆಣ್ಣು

ಮಿರಗದ, ಅಂದರೆ ಮೃಗಶಿರಾದ, ಮೊದಲ ಮಳೆ ಬಿದ್ದು ನೌಬಾದದ ನಮ್ಮ ಮನೆಯೊಳಗೆ ಹಸಿ ಮಣ್ಣಿನ ವಾಸನೆ ಬಂದಿದೆ. ನನ್ನ ಹೆಂಡತಿ ಶಾಂತಾ ಒಂದೊಂದೇ ಕಿಟಕಿ ತೆರೆಯುತ್ತ ಮನೆ ತುಂಬ ಓಡಾಡುತ್ತಿದ್ದಾಳೆ. ಮಳೆ ಬಂದರೆ ಬೇರೆಯವರು ಕಿಟಕಿ ಮುಚ್ಚುತ್ತಾರೆ, ನಾವು ತೆರೆಯುತ್ತೇವೆ. ಶಾಂತಾಳಿಗೆ ದಮ್ಮು, ಅಂದರೆ ಉಬ್ಬಸ. ತಾಯಿಯ ಬಳುವಳಿಯಾಗಿ ಅದು ಮಗಳು ಸುಮಾಳಿಗೂ ಬಂದಿದೆ. ಔರಾದಕ್ಕೆ ಸೊಸೆಯಾಗಿ ಹೋದ ಸುಮಾ ಬೇಸಿಗೆ ಕಳೆಯಲೆಂದು ಇಲ್ಲಿಗೆ ಬಂದಿದ್ದಾಳೆ. ಆ ಮನೆಯಿಂದ ಕರೆ ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನು ಬೆಳಗಿನಿಂದ ಫೋನನ್ನು ಜೇಬಿನಿಂದ ತೆಗೆಯುವುದು, ನೋಡುವುದು, ಮತ್ತೆ ಇಡುವುದು ಮಾಡುತ್ತಿದ್ದೇನೆ. ಇಷ್ಟು ಚಿಂತೆ ಯಾಕೆಂದು ನಿಮಗೆ ಹೇಳಬೇಕಾದರೆ ನನ್ನ ಮಾವನವರಿಂದ ಶುರು ಮಾಡಬೇಕು.

ಮಾವನವರದು ಬೀದರಿನ ಹಳೇ ಊರಿನಲ್ಲಿ ಬಟ್ಟೆ ಅಂಗಡಿ. ನಮ್ಮದು ಆಗ ಭಾಲ್ಕಿ. ಶ್ರಾವಣದಲ್ಲಿ ಒಂದು ದಿನ ವರನ ಮನೆ ನೋಡಲು ಬಂದವರು ನನ್ನ ಪಗಾರ ಕೇಳಲಿಲ್ಲ, ಹೊಲ ಎಷ್ಟಿದೆ ಎಂದು ಕೇಳಲಿಲ್ಲ. ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಬಳಿದುಕೊಂಡು ಕೂತಿದ್ದ ನನ್ನನ್ನು ಸರಿಯಾಗಿ ನೋಡಲೂ ಇಲ್ಲ. ನೆಟ್ಟಗೆ ಮಾಳಿಗೆ ಹತ್ತಿ ಮೂಗೆತ್ತಿ ನಿಂತರು.

“ನಿಮ್ಮ ಓಣ್ಯಾಗ ಹೊಗಿ ಯಾ ಕಡಿ ಹೋಗ್ತದರಿ?”

ನನ್ನ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ಹೊಗಿ ಎಲ್ಲಿ ಹೋಗ್ತದ, ಮ್ಯಾಲ ಹೋಗ್ತದರಿ ಬೀಗರೆ.”

“ನನ್ನ ಮಗಳಿಗಿ ದಮ್ಮದರಿ. ಮುಚ್ಚಿಟ್ಟು ಲಗ್ನ ಮಾಡಾಂವ ಅಲ್ಲ ನಾ. ಹವಾ ನೋಡಿನೇ ಹೆಣ್ಣ ಕೊಡ್ತೇನಿ.”

ಹವಾ ಪಾಸಾಯಿತು. ಅದರ ಬೆನ್ನಿಗೆ ನಾನೂ ಪಾಸಾದೆ.

ಪಾಪ, ಅವರು ಬಂದದ್ದು ಶ್ರಾವಣದಲ್ಲಿ. ಜಿಟಿಜಿಟಿ ಮಳೆ ಗಾಳಿಯನ್ನೆಲ್ಲ ತೊಳೆದಿಟ್ಟಿರುತ್ತದೆ. ಆಗ ಯಾವ ಊರಿನಲ್ಲಿ ಮೂಗೆತ್ತಿ ನಿಂತರೂ ಹೆಣ್ಣು ಕೊಡಬಹುದು. ಊರಿನ ನಿಜ ಬಣ್ಣ ತಿಳಿಯುವುದು ದೀಪಾವಳಿ ದಾಟಿದ ಮೇಲೆ. ನಮ್ಮ ಓಣಿ ತಗ್ಗಿನಲ್ಲಿತ್ತು. ಚಳಿಗಾಲದ ಸಂಜೆ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಕೂತುಬಿಡುತ್ತದೆ. ತೊಗರಿ ಕಟ್ಟಿಗೆಯ ಒಲೆಗಳ ಹೊಗೆ, ಕಸ ಸುಟ್ಟ ಹೊಗೆ, ಬಸ್ಸಿನ ಹೊಗೆ ಎಲ್ಲ ಅದರಲ್ಲೇ ಸಿಕ್ಕಿಕೊಂಡು ಮಾಳಿಗೆಯ ಮಟ್ಟ ದಾಟುತ್ತಿರಲಿಲ್ಲ. ಅವ್ವ ಹೇಳಿದ ಹಾಗೆ ಹೊಗೆ ಮೇಲೆ ಹೋಗಲಿಲ್ಲ. ಶಾಂತಾ ಗೋಡೆ ಹಿಡಿದು ಕೂತು, ಒಂದು ಉಸಿರಿಗಾಗಿ ಹೆಗಲು ಎತ್ತಿ ಎತ್ತಿ ಒದ್ದಾಡುವುದನ್ನು ನೋಡಿ ನಾನು ಹೆದರಿಹೋದೆ.

ಸುದ್ದಿ ತಿಳಿದು ಓಡಿ ಬಂದ ಮಾವ ಯಾರನ್ನೂ ಬೈಯಲಿಲ್ಲ. “ತಪ್ಪ ನಂದೇ ಅದರಿ. ಮಳಿಗಾಲದಾಗ ಬಂದು ಮನಿ ನೋಡಬಾರದಿತ್ತು,” ಎಂದು ಮಗಳನ್ನು ಬೀದರಿಗೆ ಕರೆದೊಯ್ದರು. ಅಂದಿನಿಂದ ಪ್ರತಿ ಚಳಿಗಾಲ ಅವಳು ತವರಿನಲ್ಲೇ ಕಳೆದಳು. ಬೀದರ ಕೆಂಪು ಕಲ್ಲಿನ ದಿಬ್ಬದ ಮೇಲಿನ ಊರು. ಅಲ್ಲಿ ಹೊಗೆಯೇ ಇಲ್ಲವೆಂದಲ್ಲ, ಅದನ್ನು ಗಾಳಿ ಬಹಳ ಹೊತ್ತು ಕೂರಲು ಬಿಡುವುದಿಲ್ಲ. ಚಳಿಗಾಲದ ಮುಂಜಾನೆ ದಿಬ್ಬದ ಅಂಚಿಗೆ ಹೋಗಿ ನಿಂತರೆ ಕೆಳಗೆ ಅಷ್ಟೂರು ಹಳ್ಳಿಯ ಸುಲ್ತಾನರ ಗೋರಿಗಳ ಗುಮ್ಮಟಗಳು ಮಂಜು, ಹೊಗೆ ಬೆರೆತ ಬಿಳುಪಿನಲ್ಲಿ ಸೊಂಟದವರೆಗೆ ಮುಳುಗಿರುತ್ತಿದ್ದವು. ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗುತ್ತಿದ್ದ ನಾನು, ಪಕ್ಕದಲ್ಲಿ ಹೆಂಡತಿ ಸಲೀಸಾಗಿ ಉಸಿರಾಡುವುದನ್ನು ಕೇಳುತ್ತ ಅದನ್ನು ನೋಡುತ್ತಿದ್ದೆ. ಬೇರೆ ಗಂಡಂದಿರು ಹೆಂಡತಿಯ ಬಾಯಿಂದ ಏನೇನು ಕೇಳಲು ಆಸೆಪಡುತ್ತಾರೋ, ನನಗೆ ಆ ಉಸಿರಿನ ಸದ್ದೇ ಸಾಕಾಗಿತ್ತು.

ಓಣಿಗೆ ಸಾಕಾಗಲಿಲ್ಲ. ಹೆಣ್ಣುಮಕ್ಕಳು ತವರಿಗೆ ಹೋಗುವುದು ಬೇಸಿಗೆಯಲ್ಲಿ. ಚಳಿಗಾಲದ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಬುತ್ತಿ ಒಯ್ಯಲೂ ಸೊಸೆ ಮನೆಯಲ್ಲಿಲ್ಲ ಎಂದರೆ ಜನ ಸುಮ್ಮನಿರುತ್ತಾರೆಯೇ? ಅವ್ವನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚು. ಹೋಳಿ ಮುಗಿದು ಹವಾ ತಿಳಿಯಾದರೂ ‘ಸೊಸಿನ್ನ ಕಳಸ್ರಿ’ ಎಂಬ ಒಂದು ಮಾತು ನಮ್ಮ ಮನೆಯಿಂದ ಹೋಗಲಿಲ್ಲ. ಪ್ರತಿ ವರ್ಷ ಮಾವನವರೇ ಮಗಳನ್ನು ಕರೆತಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತ “ಬಂದೇವ್ರಿ” ಎನ್ನುತ್ತಿದ್ದರು. ಮುಂದೆ ನಾವು ಬೀದರಿಗೆ ಹೊಂದಿಕೊಂಡು ದಿಬ್ಬದ ಮೇಲೇ ಇರುವ ನೌಬಾದದಲ್ಲಿ ಮನೆ ಮಾಡಿದೆವು, ದಮ್ಮು ಹತೋಟಿಗೆ ಬಂತು. ಕರೆಯದೆ ಬಂದವಳು ಎಂಬ ನೋವು ಮಾತ್ರ ಶಾಂತಾಳ ಮನಸ್ಸಿನಿಂದ ಹೋಗಲಿಲ್ಲ.

ಹಾಗಾಗಿ ಸುಮಾಳಿಗೆ ಔರಾದದ ಸಂಬಂಧ ಬಂದಾಗ ನಾನು ಜಾಣನಾದೆ. “ಈಗ ಬ್ಯಾಡ್ರಿ, ಧೂಳ ಭಾಳ ಅದ. ಮಳಿ ಆದ ಮ್ಯಾಲ ಮನಿ ನೋಡ್ಲಾಕ ಬರ್ರಿ,” ಎಂದರು ಹುಡುಗನ ತಾಯಿ. ಅದಕ್ಕೇ ಈಗ ಬರುತ್ತೇನೆ ಎಂದೆ. ಔರಾದ ಬಟ್ಟಬಯಲು. ಬೇಸಿಗೆಯ ಗಾಳಿಗೆ ಕರಿ ಹೊಲಗಳೇ ಎದ್ದು ಅಂಗಳಕ್ಕೆ ಬರುತ್ತವೆ. ಹಲ್ಲಿನಲ್ಲಿ ಧೂಳು ಕರಕರ ಎನ್ನುತ್ತಿರುವಾಗಲೇ ಮಗಳ ದಮ್ಮಿನ ವಿಷಯ ಹೇಳಿದೆ. ಆ ತಾಯಿ ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟರು.

“ಚಳಿಗಾಲದಾಗ ನಮ್ಮಲ್ಲಿ ಹವಾ ಚಲೋ ಇರ್ತದರಿ, ಹೊಗಿ ನಿಂದ್ರಂಗಿಲ್ಲ. ಧೂಳಿನ ಕಾಟ ಬ್ಯಾಸಿಗ್ಯಾಗ ಅಷ್ಟೇ. ಬ್ಯಾಸಿಗಿಗಿ ಹೆಣ್ಣಮಕ್ಕಳು ತವರಮನಿಗಿ ಹೋಗೂದೇ ಅಲ್ಲೇನ್ರಿ? ಅದಕ್ಯಾಕ ಫಿಕರ್ ಮಾಡ್ತೀರಿ?”

ನಾನು ಆ ನೀರನ್ನು ಗಟಗಟ ಕುಡಿದೆ. ಆದರೂ ಲಗ್ನಕ್ಕೆ ಮುಂಚೆ ಆಡಿದ ಮಾತು, ಲಗ್ನವಾದ ಮೇಲೆ ಉಳಿಯುವುದೇ? ಇದು ಸುಮಾಳ ಮೊದಲ ಬೇಸಿಗೆ.

ಇಗೋ, ಫೋನು ಬಂತು. ನನಗೆ ಧೈರ್ಯ ಸಾಲದೆ ಶಾಂತಾಳ ಕೈಗೆ ಕೊಟ್ಟೆ. ಬೀಗತಿಯ ದನಿ ದೊಡ್ಡದು, ದೂರ ಕೂತ ನನಗೂ ಕೇಳಿಸಿತು.

“ನಮ್ಮಲ್ಲಿ ಮಳಿ ಆಯ್ತರಿ, ಧೂಳ ಕುಂತದ. ನಮ್ಮ ಸೊಸಿನ್ನ ಕಳಸ್ರಿ, ಮನಿ ಭಣಭಣ ಅನ್ಲತ್ತದ.”

ಒಳಗೆ ಸುಮಾ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಶಾಂತಾ ಫೋನಿಟ್ಟು ತೆರೆದ ಕಿಟಕಿಯ ಹತ್ತಿರ ಕೂತು, ಎದೆ ತುಂಬ ಉಸಿರೆಳೆದು ಮೆಲ್ಲಗೆ ಬಿಟ್ಟಳು. ಕಣ್ಣುಗಳು ಒದ್ದೆಯಾಗಿದ್ದವು.

“ಕೇಳಿದ್ರೇನು?” ಎಂದಳು. “ತಾವಾಗೇ ಕರದ್ರು.”