ಹದಿನೇಳು ಹೆಸರು, ಹದಿನೇಳು ಮಾತು

ಓಹಾಯೋದ ನಮ್ಮ ಪುಟ್ಟ ಊರಿನ ಶಾಲೆಯಲ್ಲಿ ಅರ್ಲೀನ್ ಕೋವಾಚ್ ಮೂವತ್ತು ವರ್ಷ ಅಡುಗೆ ಮಾಡಿದಳು. ಅವಳ ಆಲೂಗಡ್ಡೆ ಸಲಾಡ್ ತಿನ್ನದವರೂ ಇಲ್ಲ, ಅವಳ ಬಾಯಿಗೆ ಸಿಕ್ಕದವರೂ ಇಲ್ಲ.

ಅವಳ ತಮ್ಮ ಲೊವೆಲ್ ಇಪ್ಪತ್ತನೇ ವಯಸ್ಸಿಗೆ ವಿಯೆಟ್ನಾಮಿನಲ್ಲಿ ತೀರಿಕೊಂಡ. ಅಂದಿನಿಂದ ಪ್ರತಿ ವರ್ಷ ಮೇ ತಿಂಗಳ ಕೊನೆಯ ಸೋಮವಾರ, ಮಡಿದ ಯೋಧರ ದಿನದಂದು, ಅವಳು ಸ್ಮಶಾನದಲ್ಲಿ ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದಳು. ನಿವೃತ್ತ ಸೈನಿಕ ಹರ್ಷೆಲ್ ಯುದ್ಧಗಳಲ್ಲಿ ಮಡಿದ ಊರಿನ ಹದಿನೇಳು ಜನರ ಹೆಸರು ಓದಿ ಭಾಷಣ ಮಾಡುತ್ತಿದ್ದ. ವರ್ಷವರ್ಷವೂ ಅದೇ ಶೌರ್ಯ, ಅದೇ ತ್ಯಾಗ, ಅದೇ ಜಾಗದಲ್ಲಿ ಅದೇ ಕೆಮ್ಮು.

೧೯೮೩ರಲ್ಲಿ ಅವನು "ನಿರ್ಭೀತ ವೀರ ಲೊವೆಲ್" ಎಂದಾಗ ಅರ್ಲೀನ್ ಮುಂದೆ ಬಂದಳು.

"ಒಂದ್ನಿಮಿಷ ಹರ್ಷೆಲ್. ನಮ್ ಲೊವೆಲ್ ಬಾತುಕೋಳಿ ಕಂಡ್ರೆ ಮರ ಹತ್ತೋನು. ಯುದ್ಧಕ್ಕೂ ಹೆದರ್ಕೊಂಡೇ ಹೋದ, ಆದ್ರೂ ಹೋದ. ನೀವ್ ಹೇಳೋ ವೀರ ಯಾರೋ ನಂಗೊತ್ತಿಲ್ಲ. ನಾನು ಅಳೋದು ಆ ಹೆದರುಪುಕ್ಕಲನಿಗೆ."

ಅರ್ಲೀನ್‌ಗೆ ತಪ್ಪು ಮಾಡಿದೆನೇನೋ ಅನ್ನಿಸಿ ಮುಖ ಕೆಂಪಾಯಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಪೋಸ್ಟ್‌ಮ್ಯಾನ್, ಲೊವೆಲ್‌ನ ಸಹಪಾಠಿ, ಅವನನ್ನು ಮರದಿಂದ ಇಳಿಸಿದ್ದು ತಾನೇ ಎಂದ. ನಗು ಹಬ್ಬಿತು. ಆಮೇಲೆ ಒಬ್ಬ ಮುದುಕಿ ಮೆಲ್ಲಗೆ ಬಾಯಿಬಿಟ್ಟಳು. ಮಗ ಎಮಿಲ್ ಯುದ್ಧದಲ್ಲಿ ಸತ್ತು ಮೂವತ್ತೊಂಬತ್ತು ವರ್ಷವಾಗಿದ್ದರೂ ಅವಳು ಅವನ ಮಾತೆತ್ತಿರಲಿಲ್ಲ. ಅವನು ಬೆಣ್ಣೆಯನ್ನು ಚಮಚದಲ್ಲಿ ಬಾಚಿ ತಿನ್ನುತ್ತಿದ್ದನಂತೆ. ಹೇಳುತ್ತಾ ನಕ್ಕಳು, ನಗುತ್ತಲೇ ಅತ್ತಳು. ಆ ದಿನ ಸ್ಮಶಾನದಿಂದ ಹೊರಡಬೇಕಿದ್ದ ಮೆರವಣಿಗೆ ಒಂದು ಗಂಟೆ ತಡವಾಯಿತು.

ಮರುದಿನ ಹರ್ಷೆಲ್ ಅರ್ಲೀನ್ ಮನೆಯ ಹಿತ್ತಿಲ ಬಾಗಿಲಿಗೆ ಬಂದ. ಜಗಳಕ್ಕೇ ಬಂದನೆಂದು ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. ಅವನು ಒಳಗೆ ಬಂದು ಹೆಸರುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟ.

"ಇನ್ಮೇಲೆ ಒಂದೊಂದು ಹೆಸರಿಗೂ ಒಂದೊಂದು ಮಾತು. ಹದಿನಾರು ಜನರ ಬಗ್ಗೆ ಹೇಳೋರು ಯಾರಾದ್ರೂ ಸಿಗ್ತಾರೆ. ಈ ಓರ್ವಿಲ್ ಟೆಶ್‌ಗೆ ಯಾರೂ ಇಲ್ಲ. ಶುರು ಮಾಡಿದೋಳು ನೀನು, ನೀನೇ ಹುಡುಕು."

ಓರ್ವಿಲ್ ೧೯೧೮ರಲ್ಲಿ ಫ್ರಾನ್ಸಿನಲ್ಲಿ ಸತ್ತವನು. ಮನೆಯವರು ಯಾವಾಗಲೋ ಊರು ಬಿಟ್ಟಿದ್ದರು. ಅರ್ಲೀನ್ ಎರಡು ವರ್ಷ ಚರ್ಚಿನ ಹಳೆಯ ಪುಸ್ತಕ ತಿರುವಿದಳು, ಗುರುತಿಲ್ಲದವರಿಗೆಲ್ಲ ಕಾಗದ ಬರೆದಳು. ಕೊನೆಗೆ ಪಕ್ಕದೂರಿನ ವೃದ್ಧಾಶ್ರಮದಲ್ಲಿ ಹಲ್ಡಾ ಎಂಬವಳು ಸಿಕ್ಕಳು. ಎಪ್ಪತ್ತಾರು ವರ್ಷದ ಅವಳು ಚಿಕ್ಕವಳಿದ್ದಾಗ ಟೆಶ್ ಮನೆಯ ಪಕ್ಕದಲ್ಲೇ ಇದ್ದಳು. ಮೊದಲು ಏನೂ ನೆನಪಿಲ್ಲವೆಂದಳು. ಅರ್ಲೀನ್ ತಂದಿದ್ದ ಸಲಾಡ್ ಎರಡನೇ ಸಲ ಬಡಿಸಿಕೊಂಡ ಮೇಲೆ ಒಂದೊಂದಾಗಿ ನೆನಪಾಯಿತು.

ಆ ಮೇ ತಿಂಗಳಲ್ಲಿ ಹರ್ಷೆಲ್ ತಾನೇ ಕಾರು ಓಡಿಸಿ ಹಲ್ಡಾಳನ್ನು ಕರೆತಂದ. ಓರ್ವಿಲ್ ಹೆಸರು ಓದಿದಾಗ ಅವಳು ಕೋಲೂರಿ ಎದ್ದಳು.

"ಅವನು ಹಾಡಿದ್ರೆ ಬೀದಿ ನಾಯಿಗಳೆಲ್ಲ ಊಳಿಡ್ತಿದ್ವು. ಬರೀ ತುಟಿ ಆಡಿಸಪ್ಪಾ ಅಂತ ಪಾದ್ರಿ ಬೇಡ್ಕೊಂಡ್ರು. ಕೇಳ್ಲಿಲ್ಲ. ರೈಲು ಹತ್ತೋವಾಗ್ಲೂ ಹಾಡ್ತಾನೇ ಹೋದ. ನಾವೆಲ್ಲ ಕಿವಿ ಮುಚ್ಕೊಂಡು ನಕ್ವಿ. ವಾಪಸ್ ಬರಲ್ಲ ಅಂತ ಗೊತ್ತಿದ್ರೆ ಪೂರ್ತಿ ಕೇಳಿರ್ತಿದ್ವಿ."

ಹರ್ಷೆಲ್ ಟೋಪಿ ತೆಗೆದ. ಅರವತ್ತೇಳು ವರ್ಷ ಬರೀ ಹೆಸರಾಗಿ ಉಳಿದಿದ್ದವನು ಆ ದಿನ ಊರಿನ ಹುಡುಗನಾದ. ಅರ್ಲೀನ್ ಹಲ್ಡಾಳ ತೋಳು ಹಿಡಿದು ಓರ್ವಿಲ್ ಹೆಸರಿದ್ದ ಸಮಾಧಿಕಲ್ಲಿನ ತನಕ ನಡೆಸಿಕೊಂಡು ಹೋದಳು. ಹಲ್ಡಾ ಪುಟ್ಟ ಬಾವುಟ ನೆಟ್ಟಳು. ಅದು ಸೊಟ್ಟಗೆ ನಿಂತಿತು, ಯಾರೂ ಸರಿಮಾಡಲಿಲ್ಲ.